ಗಡಸು ನೀರಲ್ಲಿ ಸ್ನಾನ: ಸೋಪ್ ನೊರೆನೇ ಬರಲ್ಲ, ಏನ್ ಮಾಡೋದು?

ನೊರೆಗಾಗಿ_ಕಾದವ:
ಹೊಸ ಬಾಡಿಗೆ ಮನೆಗೆ ಬಂದ್ಮೇಲೆ ಬರೀ ಬೋರ್ ನೀರು. ಎಷ್ಟ್ ಸೋಪ್ ಉಜ್ಜಿದ್ರೂ ನೊರೆ ಇಲ್ಲ, ತೊಳ್ಕೊಂಡ್ಮೇಲೂ ಮೈ ಅಂಟಂಟು, ಒಣಗಿದ್ಮೇಲೆ ಕೆರೆದ್ರೆ ಬಿಳಿ ಗೆರೆ ಬೀಳುತ್ತೆ, ಕೂದ್ಲಂತೂ ತೆಂಗಿನ ನಾರು. ಕಾಯಿಸಿದ್ರೆ ಸರಿಹೋಗುತ್ತೆ ಅಂತ ಒಬ್ರು, ಪಟಿಕ ಹಾಕಿ ಅಂತ ಇನ್ನೊಬ್ರು, ಶವರ್ ಫಿಲ್ಟರ್ ತಗೊಳ್ಳಿ ಅಂತ ಮತ್ತೊಬ್ರು. ಯಾವ್ದನ್ನ ನಂಬೋದು? ದೊಡ್ಡ ಮೆಷಿನ್ ಹಾಕ್ಸೋಕಂತೂ ಆಗಲ್ಲ.

ಲ್ಯಾಬ್_ಮೇಷ್ಟ್ರು:
ಮೊದ್ಲು ಸೋಪ್ ಬದಲಾಯ್ಸಿ, ನೀರಿನ ವಿಷ್ಯ ಆಮೇಲೆ. ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರ್ಕೊಂಡು ಕರಗದೇ ಇರೋ ಜಿಡ್ಡಾಗುತ್ತೆ, ನಿಮ್ಮ ಮೈಮೇಲೆ ಅಂಟೋದೂ ಅದೇ, ಬಕೆಟ್ ಅಂಚಲ್ಲಿ ಕೂರೋದೂ ಅದೇ, ಅದಕ್ಕೇ ಜಾಸ್ತಿ ಉಜ್ಜಿದಷ್ಟೂ ಜಾಸ್ತಿ ಜಿಡ್ಡು. ಸಿಂಡೆಟ್ ಬಾರ್ (ನೋಡೋಕೆ ಸೋಪಿನ ಥರಾನೇ, ಆದ್ರೆ ಸೋಪಲ್ಲ, ಸಿಂಥೆಟಿಕ್ ಡಿಟರ್ಜೆಂಟ್‌ನಿಂದ ಮಾಡಿದ್ದು) ಅಥವಾ ಬಾಡಿ ವಾಶ್‌ಗೆ ಈ ಕಾಟ ಅಷ್ಟಿಲ್ಲ. ಪ್ಯಾಕೆಟ್ ಹಿಂದೆ ಸೋಡಿಯಂ ಪಾಮೇಟ್ ಅಂತಿದ್ರೆ ಅದು ಮಾಮೂಲಿ ಸೋಪು, ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಅಂತ ಮೊದಲಲ್ಲೇ ಇದ್ರೆ ಸಿಂಡೆಟ್. ಪ್ಯಾಕೆಟ್ ಮುಂಭಾಗದಲ್ಲಿ ಏನ್ ಬರೆದಿದೆ ಅನ್ನೋದನ್ನ ನೋಡ್ಲೇಬೇಡಿ, ಅದೆಲ್ಲ ಜಾಹೀರಾತು.

ಪಟಿಕ ನೀರಿನ ಕೆಸರು ಇಳಿಸುತ್ತೆ ಅಷ್ಟೇ, ಗಡಸುತನ ಹೋಗಲ್ಲ. ಶವರ್ ಫಿಲ್ಟರ್‌ಗಳು ಹೆಚ್ಚಿನವು ಕ್ಲೋರಿನ್ ಕಮ್ಮಿ ಮಾಡೋಕೆ ಇರೋವು. ನಿಜವಾಗ್ಲೂ ಮೆದು ಮಾಡೋದು ಕ್ಯಾಲ್ಸಿಯಂ, ಮೆಗ್ನೀಷಿಯಂನ ಹಿಡ್ಕೊಳ್ಳೋ, ಉಪ್ಪು ಹಾಕಿ ರೀಚಾರ್ಜ್ ಮಾಡೋ ರೆಸಿನ್ ಸಾಫ್ಟ್‌ನರ್.

ಬಚ್ಚಲಮನೆ:
ಕಾಯಿಸೋದು ಪೂರ್ತಿ ಸುಳ್ಳೂ ಅಲ್ಲ ಮೇಷ್ಟ್ರೇ. ಬೈಕಾರ್ಬೊನೇಟ್‌ನಿಂದ ಬಂದಿರೋ ಗಡಸುತನ ಆದ್ರೆ ಚೆನ್ನಾಗಿ ಕುದಿಸಿದಾಗ ಸುಣ್ಣ ತಳಕ್ಕೆ ಕೂರುತ್ತೆ, ಮೇಲಿನ ತಿಳಿ ನೀರು ತಗೋಬಹುದು. ಸಲ್ಫೇಟ್, ಕ್ಲೋರೈಡ್ ಇದ್ರೆ ಎಷ್ಟ್ ಕುದಿಸಿದ್ರೂ ಏನೂ ಆಗಲ್ಲ. ಆದ್ರೆ ದಿನಾ ಬಕೆಟ್‌ಗಟ್ಟಲೆ ಯಾರ್ ಕುದಿಸ್ತಾರೆ, ಗೀಸರ್ ಬಿಸಿ ಸಾಲಲ್ಲ, ಕಾಯಿಲ್ ಮೇಲೆ ಸುಣ್ಣ ಕಟ್ಕೊಳ್ಳುತ್ತೆ ಅಷ್ಟೇ.

ಕೂದ್ಲಿಗೆ ಒಂದ್ ಮಗ್ ನೀರಿಗೆ ಒಂದ್ ಚಮಚ ವಿನೆಗರ್ ಹಾಕಿ ಕೊನೇಲಿ ಹುಯ್ಕೊಳ್ಳಿ, ಕಣ್ಣಿಗೆ ಬೀಳದ ಹಾಗೆ, ನೆತ್ತಿ ಮೇಲೆ ಗಾಯ ಇದ್ರೆ ಬೇಡ. ಮಳೆ ನೀರು ಹಿಡಿಯೋಕಾದ್ರೆ ಅದೇ ಸಾಕು.

ನೊರೆಗಾಗಿ_ಕಾದವ:
ಥ್ಯಾಂಕ್ಸ್ ಇಬ್ರಿಗೂ. ಟಿಡಿಎಸ್ ಮೀಟರ್ ಇದೆ, ಅದ್ರಲ್ಲಿ ಗೊತ್ತಾಗುತ್ತಾ? ಇನ್ನೊಂದು, ಮಗುಗೆ ಎಕ್ಸಿಮಾ (ಚರ್ಮ ಒಣಗಿ ಕೆರೆಯೋ ಕಾಯಿಲೆ) ಇದೆ, ಅದಕ್ಕೋಸ್ಕರನಾದ್ರೂ ಸಾಲ ಮಾಡಿ ಸಾಫ್ಟ್‌ನರ್ ಹಾಕ್ಸ್ಲಾ?

ಲ್ಯಾಬ್_ಮೇಷ್ಟ್ರು:
ಟಿಡಿಎಸ್ ಅಂದ್ರೆ ಕರಗಿರೋದೆಲ್ಲಾ ಸೇರಿ, ಬರೀ ಉಪ್ಪಿದ್ರೂ ನಂಬರ್ ಏರುತ್ತೆ. ಹಾರ್ಡ್‌ನೆಸ್ ಸ್ಟ್ರಿಪ್ (ನೀರಲ್ಲಿ ಅದ್ದಿ ಬಣ್ಣ ನೋಡೋ ಪಟ್ಟಿ) ತಗೊಳ್ಳಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 180 ಮಿಲಿಗ್ರಾಂ ದಾಟಿದ್ರೆ ತುಂಬಾ ಗಡಸು ಅಂತ ಲೆಕ್ಕ.

ಎಕ್ಸಿಮಾಗೆ ಅಂತ ಸಾಲ ಮಾತ್ರ ಮಾಡ್ಬೇಡಿ. ಇಂಗ್ಲೆಂಡಲ್ಲಿ ಎಕ್ಸಿಮಾ ಇದ್ದ 336 ಮಕ್ಕಳನ್ನ ಇಟ್ಕೊಂಡು ಇದನ್ನೇ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದ್ರು, ಮಾಮೂಲಿ ಚಿಕಿತ್ಸೆ ಜೊತೆ ಸಾಫ್ಟ್‌ನರ್ ಹಾಕಿದ್ರಿಂದ ಹೆಚ್ಚಿಗೆ ಪ್ರಯೋಜನ ಕಾಣ್ಲಿಲ್ಲ. ಸೋಪ್ ಬಿಟ್ಟು ಮೆದು ಕ್ಲೆನ್ಸರ್ ಹಾಕಿ, ಉಗುರು ಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗ್ಸಿ, ಮೈ ಒತ್ತಿ ಒರೆಸಿ, ತೇವ ಇರ್ವಾಗ್ಲೇ ಮಾಯಿಶ್ಚರೈಸರ್ ಹಚ್ಚಿ. ಕಮ್ಮಿ ಆಗ್ಲಿಲ್ಲ ಅಂದ್ರೆ ಚರ್ಮದ ಡಾಕ್ಟ್ರಿಗೆ ತೋರ್ಸಿ. ಮಗುಗೆ ವಿನೆಗರ್ ಪ್ರಯೋಗ ಬೇಡ.