ಶುಕ್ರನ ದಕ್ಷಿಣ ಧ್ರುವದ ಸುಳಿ: ಸ್ಟ್ಯಾಕ್ ಮಾಡಿದರೆ ಮಬ್ಬಾಗುತ್ತಿದೆ, ಯಾಕೆ?

ಕೊಥ್ರೂಡ್ ಕಿಟ್ಟಿ, ಪುಣೆ
ಇಲ್ಲಿ ಮಳೆ ಹಿಡಿದು ಕೂತಿದೆ, ಟೆಲಿಸ್ಕೋಪ್ ಹೊರಗೆ ತೆಗೆಯುವ ಹಾಗಿಲ್ಲ. ಸುಮ್ನೆ ಕೂರುವ ಬದಲು ಶುಕ್ರನನ್ನು ಸುತ್ತುತ್ತಿದ್ದ ವೀನಸ್ ಎಕ್ಸ್‌ಪ್ರೆಸ್ ನೌಕೆಯ ಹಳೇ ಡೇಟಾ ಇಳಿಸಿಕೊಂಡೆ. ವಿರ್ಟಿಸ್ ಉಪಕರಣದ 5 ಮೈಕ್ರಾನ್ ತರಂಗಾಂತರದ ಇನ್ಫ್ರಾರೆಡ್ ಚಿತ್ರಗಳು, ಒಂದು ವಾರದವು. ಪೈಥಾನ್‌ನಲ್ಲಿ ಧ್ರುವವನ್ನು ನಡುವೆ ಇಟ್ಟು, ಮೋಡ 4 ದಿನಕ್ಕೊಂದು ಸುತ್ತು ಎಂದು ಹಿಡಿದು, ಪ್ರತಿ ಫ್ರೇಮನ್ನೂ ಅಷ್ಟಷ್ಟೇ ಹಿಂದಕ್ಕೆ ತಿರುಗಿಸಿ ಸ್ಟ್ಯಾಕ್ ಮಾಡಿದೆ, ಅಂದರೆ ಒಂದರ ಮೇಲೊಂದು ಸೇರಿಸಿದೆ. ಒಂದೊಂದೇ ನೋಡಿದರೆ ಧ್ರುವದ ಮೋಡದ ಸುಳಿ ಚೆನ್ನಾಗಿದೆ. ಸೇರಿಸಿದರೆ ಬರೀ ದುಂಡನೆಯ ಮಬ್ಬು. ಕೋಡ್‌ನಲ್ಲಿ ಎಡವಟ್ಟಾ?

ಡೊಂಬಿವಲಿಕರ್
ಕಿಟ್ಟಿ ಅವರೇ, ಕೋಡ್ ಮುಟ್ಟಬೇಡಿ. ಆ 4 ದಿನ ಸಮಭಾಜಕದ ಕಡೆಯ ಮೋಡಗಳ ಲೆಕ್ಕ. ಧ್ರುವದ ಸುಳಿ ಸುಮಾರು ಎರಡೂವರೆ ದಿನಕ್ಕೇ ಒಂದು ಸುತ್ತು ಹಾಕುತ್ತದೆ, ಅಂದರೆ ಗಂಟೆಗೆ ಹತ್ತಿರ ಹತ್ತಿರ 6 ಡಿಗ್ರಿ. ಒಂದೇ ದಿನದಲ್ಲಿ ನಿಮ್ಮ ಲೆಕ್ಕ 50 ಡಿಗ್ರಿಗಿಂತ ಜಾಸ್ತಿ ತಪ್ಪುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಕೇಂದ್ರದ್ದು. ಸುಳಿಯ ನಡು ಧ್ರುವದ ಮೇಲೆ ಕೂರುವುದೇ ಇಲ್ಲ. ಸರಾಸರಿ 3 ಡಿಗ್ರಿ, ಅಂದರೆ 300 ಕಿ.ಮೀ. ಚಿಲ್ಲರೆ, ಪಕ್ಕಕ್ಕೆ ಸರಿದಿರುತ್ತದೆ. ಸಾಲದ್ದಕ್ಕೆ ಧ್ರುವದ ಸುತ್ತ ಅಲೆಯುತ್ತದೆ ಕೂಡ, ಒಂದು ಸುತ್ತಿಗೆ 5ರಿಂದ 10 ದಿನ. ಆಡುತ್ತಾ ಆಡುತ್ತಾ ಜಾಗ ಬಿಡುವ ಬುಗುರಿ ನೋಡಿದ್ದೀರಲ್ಲ, ಹಾಗೆ. ಆಕಾರವೂ ನಿಲ್ಲುವುದಿಲ್ಲ. 1979ರಲ್ಲಿ ಪಯೋನೀರ್ ವೀನಸ್ ನೌಕೆ ಉತ್ತರ ಧ್ರುವದಲ್ಲಿ ಎರಡು ಕಣ್ಣಿನ ಸುಳಿ ಕಂಡಿತು, ಎಲ್ಲರ ತಲೆಯಲ್ಲೂ ಅದೇ ಕೂತಿದೆ. ದಕ್ಷಿಣದ್ದು ಇವತ್ತು ಎರಡು ಕಣ್ಣು, ನಾಳೆ ಒಂದು, ಆಮೇಲೆ ಬರೀ ಹರಕು ಎಳೆ. ಒಂದು ವಾರದ್ದನ್ನು ಸೇರಿಸಿದರೆ ಮಬ್ಬಲ್ಲದೆ ಇನ್ನೇನು ಬರಬೇಕು?

ನೌಕೆ ಒಂದು ಸುತ್ತಿಗೆ 24 ಗಂಟೆ ತೆಗೆದುಕೊಳ್ಳುತ್ತಿತ್ತು. ಒಂದೇ ಸುತ್ತಿನ ಫ್ರೇಮ್‌ಗಳನ್ನು ಮಾತ್ರ ತೆಗೆದುಕೊಳ್ಳಿ. ಎರಡು ಮೂರು ಗುರುತು ಹಿಡಿದು ಅವು ಯಾವ ಬಿಂದುವಿನ ಸುತ್ತ ತಿರುಗುತ್ತಿವೆ ನೋಡಿ, ಆ ಬಿಂದುವನ್ನೇ ನಡುವೆ ಇಡಿ. ದಕ್ಷಿಣ ಧ್ರುವದ ಮೇಲಿನಿಂದ ನೋಡಿದರೆ ಸುಳಿ ಅಪ್ರದಕ್ಷಿಣೆಯಾಗಿ ತಿರುಗಬೇಕು. ಹಾಗಿಲ್ಲದಿದ್ದರೆ ಚಿತ್ರ ಕನ್ನಡಿಬಿಂಬವಾಗಿದೆ.

ಕೊಥ್ರೂಡ್ ಕಿಟ್ಟಿ, ಪುಣೆ
ಬಂತು ಸರ್! ಒಳಗಿನ ಎಳೆಗಳೂ ಬಿಡಿಬಿಡಿಯಾಗಿ ಕಾಣುತ್ತಿವೆ. ಸುತ್ತ ಇರುವ ಕಪ್ಪು ಪಟ್ಟಿ ತಣ್ಣನೆ ಗಾಳಿಯ ಪಟ್ಟಿ ಅಲ್ವಾ? ಇದರ ಮೇಲೆ 1.74 ಮೈಕ್ರಾನ್ ರಾತ್ರಿ ಭಾಗದ ಚಿತ್ರ ಹಾಕಬಹುದಾ?

ಡೊಂಬಿವಲಿಕರ್
ಹೌದು, ಅದೇ ತಣ್ಣನೆ ಪಟ್ಟಿ, 60-80 ಡಿಗ್ರಿ ಅಕ್ಷಾಂಶದ ನಡುವೆ. ಆದರೆ ಮೇಲೆ ಹಾಕಬೇಡಿ. 5 ಮೈಕ್ರಾನ್ ತೋರಿಸುವುದು 63 ಕಿ.ಮೀ. ಆಸುಪಾಸಿನ ಮೋಡದ ತಲೆಯನ್ನು, 1.74 ತೋರಿಸುವುದು 42 ಕಿ.ಮೀ. ಎತ್ತರವನ್ನು. ಎರಡೂ ಕಡೆ ಸುಳಿ ಇದೆ, ಆದರೆ ಅವುಗಳ ಕೇಂದ್ರಗಳು ಒಂದರ ಮೇಲೊಂದು ಬರುವುದೇ ಅಪರೂಪ. ಎರಡಕ್ಕೂ ಬೇರೆ ಬೇರೆ ಕೇಂದ್ರ ಹುಡುಕಿ, ಅಕ್ಕಪಕ್ಕ ಇಟ್ಟು ಇಲ್ಲಿ ಹಾಕಿ.