ಕೋರಸ್ ಅಲೆಗಳ ‘ಚಿಲಿಪಿಲಿ’ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಭೂಮಿಯ ಸುತ್ತಲಿನ ಬಾಹ್ಯಾಕಾಶದಲ್ಲಿ ನಾಸಾದ ವ್ಯಾನ್ ಅಲೆನ್ ಪ್ರೋಬ್ಸ್ ಉಪಗ್ರಹಗಳು ದಾಖಲಿಸಿದ ಕೋರಸ್ ಅಲೆಗಳನ್ನು ನಿನ್ನೆ ಕೇಳಿದೆ, ನಸುಕಿನಲ್ಲಿ ಮರದ ತುಂಬ ಹಕ್ಕಿಗಳು ಕೂತು ಕೂಗಿದಂತೆಯೇ ಇತ್ತು. ಗಾಳಿಯೇ ಇಲ್ಲದ ಕಡೆ ಈ ಸದ್ದು ಹೇಗೆ ಸಾಧ್ಯ?

ಉತ್ತರ 1: ಅಲ್ಲಿರುವುದು ಸದ್ದಲ್ಲ, ವಿದ್ಯುತ್ಕಾಂತೀಯ ಅಲೆ. 2012ರ ಆಗಸ್ಟ್‌ನಲ್ಲಿ ಹಾರಿದ ಆ ಅವಳಿ ಉಪಗ್ರಹಗಳಲ್ಲಿದ್ದ ಎಮ್‌ಫಿಸಿಸ್ ಉಪಕರಣವು ಕಾಂತಕ್ಷೇತ್ರದ ಅತಿಸೂಕ್ಷ್ಮ ಏರಿಳಿತಗಳನ್ನು ಸುರುಳಿಗಳ ಮೂಲಕ ಹಿಡಿಯುತ್ತಿತ್ತು. ಅವುಗಳ ಆವರ್ತನ ನಮ್ಮ ಕಿವಿಯ ವ್ಯಾಪ್ತಿಯಲ್ಲೇ ಇರುವುದರಿಂದ ಆ ಸಂಕೇತವನ್ನು ನೇರವಾಗಿ ಸ್ಪೀಕರಿಗೆ ಕೊಡಬಹುದು. ಒಂದೊಂದು ಕೂಗೂ ಸೆಕೆಂಡಿನೊಳಗೆ ಸರ್ರನೆ ಮೇಲೇರುವ ಆವರ್ತನದ ಗೆರೆ.

ಉತ್ತರ 2: ಹುಟ್ಟಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕಾಂತಗೋಳದ (ಭೂಮಿಯ ಕಾಂತಕ್ಷೇತ್ರದ ಹಿಡಿತದಲ್ಲಿರುವ ವಲಯ) ಬಾಲದ, ಅಂದರೆ ಸೂರ್ಯನ ವಿರುದ್ಧ ದಿಕ್ಕಿಗೆ ಚಾಚಿದ ಭಾಗದ, ಕಡೆಯಿಂದ ಒಳನುಗ್ಗುವ ಎಲೆಕ್ಟ್ರಾನುಗಳು ಭೂಮಿಯ ಮುಂಜಾವಿನ ಪಕ್ಕಕ್ಕೆ ಸರಿಯುತ್ತಾ, ಪ್ಲಾಸ್ಮಾಗೋಳದ (ಭೂಮಿಗೆ ಹತ್ತಿರದಲ್ಲಿ ವಿದ್ಯುದಾವೇಶವುಳ್ಳ ತಂಪು ಕಣಗಳು ದಟ್ಟವಾಗಿರುವ ವಲಯ) ಹೊರಗೆ ಈ ಅಲೆಗಳಿಗೆ ಶಕ್ತಿ ನೀಡುತ್ತವೆ. ಅದೇ ಅಲೆಗಳು ಮರಳಿ ಕೆಲವು ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ತಳ್ಳುತ್ತವೆ. ನನಗೆ ಅತ್ಯಂತ ಸೋಜಿಗವೆನಿಸುವುದು ಈ ಕೊಡು-ಕೊಳ್ಳುವಿಕೆಯೇ.

ಪ್ರಶ್ನೆ ಕೇಳಿದವರು: ಹಾಗಾದರೆ ಪ್ಲಾಸ್ಮಾಗೋಳದ ಒಳಗೆ?

ಉತ್ತರ 2: ಅಲ್ಲಿ ‘ಹಿಸ್’ ಎಂಬ ಅಲೆಗಳಿವೆ, ಕೇಳಲು ಒಂದೇ ಸಮನೆ ಬುಸುಗುಟ್ಟಿದಂತಿರುತ್ತವೆ. ಅವು ಎಲೆಕ್ಟ್ರಾನುಗಳನ್ನು ನಿಧಾನವಾಗಿ ವಾತಾವರಣಕ್ಕೆ ಚೆದುರಿಸುವುದರಿಂದಲೇ ಭೂಮಿಯನ್ನು ಸುತ್ತುವರಿದ, ಅತಿವೇಗದ ಕಣಗಳು ತುಂಬಿರುವ ಎರಡು ವಿಕಿರಣ ಪಟ್ಟಿಗಳ ನಡುವೆ ತೆರವು ಉಳಿದಿದೆ.