ಫಲಕದ ಮೇಲೆ ‘ಗುರುತಿಸಿ’ ಎಂದು ಬರೆಯಬಹುದೇ?

ಮಿತ್ರರೇ, ನಮಸ್ಕಾರ.

ಬರುವ ಡಿಸೆಂಬರ್ 10ರಂದು ಕಲಬುರಗಿಯಲ್ಲಿ ನಾವು ಕೆಲವರು ಸೇರಿ ತಾಲ್ಲೂಕು ವರದಿಗಾರರೊಬ್ಬರನ್ನು ಗೌರವಿಸಲಿದ್ದೇವೆ. 1948ರಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದ ದಿನವದು. ಫಲಕದ ಬರಹ ನನ್ನ ಕೊರಳಿಗೆ ಬಿದ್ದಿದೆ. ಗೆಳೆಯರೊಬ್ಬರು ಇಂಗ್ಲಿಷಿನಿಂದ ಇಳಿಸಿಕೊಟ್ಟ ಕರಡು ಇದು: ‘ಮಾನವ ಹಕ್ಕುಗಳ ಪತ್ರಿಕೋದ್ಯಮದಲ್ಲಿನ ಉತ್ಕೃಷ್ಟತೆಯನ್ನು ಗುರುತಿಸಿ ನೀಡಲಾದ ಪ್ರಶಸ್ತಿ.’ ವ್ಯಾಕರಣ ನೆಟ್ಟಗಿದೆ. ಆದರೆ ಓದಿದರೆ ಬೇಳೆಯಲ್ಲಿ ಕಲ್ಲು ಕಡಿದಂತಾಗುತ್ತದೆ.

‘ಉತ್ಕೃಷ್ಟತೆ’ಯ ಮೇಲೆ ನನಗೆ ಮಮತೆಯಿಲ್ಲ. ತೊಗರಿಯ ನಾಡಿನವನಾದ ನನಗೆ ಆ ಪದ ಕಂಡ ಕೂಡಲೇ ದಾಲ್ ಮಿಲ್ಲಿನ ಚೀಲ ನೆನಪಾಗುತ್ತದೆ. ಹಾಂಗ್‌ಕಾಂಗ್‌ನ ಹೆಸರಾಂತ ‘ಹ್ಯೂಮನ್ ರೈಟ್ಸ್ ಪ್ರೆಸ್ ಅವಾರ್ಡ್ಸ್’ ಹೆಸರಿನಲ್ಲಿ ಕೂಡ ಅಂಥ ಪದವಿಲ್ಲ. ಅಲ್ಲಿನ ವಿದೇಶಿ ವರದಿಗಾರರ ಕ್ಲಬ್ಬು ಕಾನೂನಿನ ತೊಡಕಿಗೆ ಅಂಜಿ 2022ರಲ್ಲಿ ಆ ಪ್ರಶಸ್ತಿಯನ್ನೇ ನಿಲ್ಲಿಸಿತು. ಮರುವರ್ಷ ಬೇರೆ ಸಂಸ್ಥೆಗಳು ಅದನ್ನು ಕೈಗೆತ್ತಿಕೊಂಡವು. ಕೊಡುವವರೇ ಹೆದರಬೇಕಾದ ಗೌರವಕ್ಕೆ ವಿಶೇಷಣದ ಅಲಂಕಾರವೇಕೆ?

‘ಮಾನವ ಹಕ್ಕು’ ಅರಿಸಮಾಸವಲ್ಲವೇ, ಅಂದರೆ ಸಂಸ್ಕೃತಕ್ಕೆ ಕನ್ನಡ ಬೆರೆಸಿದ ಜೋಡುಪದವಲ್ಲವೇ ಎಂದು ನಮ್ಮಲ್ಲೊಬ್ಬರು ತಕರಾರು ತೆಗೆದರು. ಸಕ್ಕದವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದ ಕವಿರಾಜಮಾರ್ಗ ನಮ್ಮದೇ ಜಿಲ್ಲೆಯ ಮಳಖೇಡದ ದೊರೆಗಳ ಕಾಲದ್ದು. ಹಾಗಾಗಿ ಈ ತಕರಾರು ಇಲ್ಲಿ ಹುಟ್ಟುವುದು ಸಹಜವೇ. ಆದರೆ ಈ ಹಾಲು ಎಂದೋ ಹೆಪ್ಪುಗಟ್ಟಿ ಮೊಸರಾಗಿದೆ. ಅಲ್ಲದೆ ‘ಹಕ್ಕು’ ಅರಬ್ಬಿಯ ‘ಹಕ್’. ಅಲ್ಲಿ ಅದಕ್ಕೆ ನ್ಯಾಯವಾಗಿ ಸಲ್ಲಬೇಕಾದದ್ದು ಎಂಬ ಅರ್ಥವೂ ಉಂಟು, ಸತ್ಯ ಎಂಬ ಅರ್ಥವೂ ಉಂಟು. ವರದಿಗಾರರಿಗೆ ಇದಕ್ಕಿಂತ ಒಪ್ಪುವ ಪದ ನನಗೆ ತೋಚದು.

ನನ್ನ ನಿಜವಾದ ತೊಡಕು ‘ಗುರುತಿಸಿ’ ಎಂಬುದು. ‘ಸಾಧಕರನ್ನು ಗುರುತಿಸಿ ಸನ್ಮಾನಿಸಲಾಯಿತು’ ಎಂಬ ವಾಕ್ಯ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ನಾನೇ ಎಷ್ಟೋ ಸಲ ಬರೆದಿದ್ದೇನೆ. ಆದರೆ ಈ ವರದಿಗಾರರು ಬರೆದದ್ದು ಮುಂಗಡದ ಸಾಲಕ್ಕೆ ಇಟ್ಟಿಗೆ ಭಟ್ಟಿಯಲ್ಲಿ ಕಟ್ಟುಬಿದ್ದಿದ್ದ ಕುಟುಂಬಗಳ ಬಗ್ಗೆ. ಜೀತ ಪದ್ಧತಿ ರದ್ದತಿಯ 1976ರ ಕಾಯ್ದೆಯನ್ನು ಜಾರಿಗೆ ತರುವ ಕಚೇರಿಗಳ ಕನ್ನಡದಲ್ಲಿ ಮೂರು ಮಾತು ಒಟ್ಟಿಗೇ ಬರುತ್ತವೆ: ಗುರುತಿಸುವುದು, ಬಿಡುಗಡೆ ಮಾಡುವುದು, ಪುನರ್ವಸತಿ ಕಲ್ಪಿಸುವುದು. ಗುರುತಿಸದ ಹೊರತು ಬಿಡುಗಡೆ ಪತ್ರವಿಲ್ಲ, ಪತ್ರವಿಲ್ಲದೆ ಪರಿಹಾರವಿಲ್ಲ. ಮಲ ಹೊರುವವರ ಬಗೆಗಿನ 2013ರ ಕಾಯ್ದೆಯಲ್ಲೂ ಮೊದಲ ಹೆಜ್ಜೆ ಸಮೀಕ್ಷೆ ನಡೆಸಿ ಗುರುತಿಸುವುದೇ. (‘ಜೀತ’ ಬಂದದ್ದು ‘ಜೀವಿತ’ದಿಂದ, ಹಳಗನ್ನಡದಲ್ಲಿ ಅದಕ್ಕೆ ಸಂಬಳ ಎಂಬ ಅರ್ಥವಿತ್ತು. ಸಂಬಳವೇ ಇಲ್ಲದ ದುಡಿಮೆಗೆ ಆ ಹೆಸರು ಅಂಟಿದ ಕಥೆಯನ್ನು ಬಲ್ಲವರು ಬೇರೆಯಾಗಿ ಬರೆಯಬೇಕು.)

ಆ ವರದಿ ಬರುವವರೆಗೆ ಆ ಜನ ಕಡತಗಳಲ್ಲಿ ಬರೀ ‘ವಲಸೆ ಕೂಲಿಕಾರರು’. ಅವರು ಜೀತಗಾರರೆಂದು ಮೊದಲು ಗುರುತಿಸಿದ್ದು ವರದಿಗಾರರು. ಫಲಕದ ಮೇಲೆ ‘ಗುರುತಿಸಿ’ ಎಂದು ಕೆತ್ತಿಸಿದರೆ ಆ ಕ್ರಿಯಾಪದಕ್ಕೆ ಕರ್ತೃಗಳು ನಾವಾಗುತ್ತೇವೆ. ಅವರ ಕೆಲಸವನ್ನು ಸನ್ಮಾನ ಸಮಿತಿ ಕಸಿದುಕೊಂಡಂತೆ. ಶಾಲು ಹೊದಿಸುವವರಿಗೆ ಇಷ್ಟು ದೊಡ್ಡ ಕ್ರಿಯಾಪದ ಬೇಕೇ?

ಹಾಗಾದರೆ ಬದಲಿಗೆ ಯಾವುದು? ‘ಮನ್ನಿಸು’ ಎಂದರೆ ಹಿಂದೆ ಗೌರವಿಸು ಎಂದೇ ಅರ್ಥ. ಇಂದು ‘ವರದಿಗಾರಿಕೆಯನ್ನು ಮನ್ನಿಸಿ’ ಎಂದು ಬರೆದರೆ ತಪ್ಪನ್ನು ಕ್ಷಮಿಸಿದ್ದೇವೆ ಎಂದಾಗುತ್ತದೆ. ಬರೆದದ್ದಕ್ಕೆ ನೋಟಿಸು ತಿಂದವರ ಮುಂದೆ ಅದನ್ನು ಓದುವುದು ಹೇಗೆ! ವಿಚಿತ್ರವೆಂದರೆ ಅದೇ ಬೇರಿನ ‘ಮನ್ನಣೆ’ಗೆ ಈ ಕುತ್ತು ಬಂದಿಲ್ಲ. ‘ಪ್ರಶಸ್ತಿ’ ಮೂಲದಲ್ಲಿ ಶಾಸನಗಳಲ್ಲಿ ದೊರೆಯನ್ನು ಹೊಗಳುವ ಭಾಗ. ದೊರೆಗಳಿಗೆ ಬೇಡವಾದದ್ದನ್ನು ಬರೆದವರಿಗೆ ಅದನ್ನು ಕೊಡುವುದು ತಮಾಷೆಯಾಗಿದೆ. ಆದರೆ ಆ ಪದ ಈಗ ಎಲ್ಲರ ಬಾಯಲ್ಲಿ ಸವೆದಿದೆ, ಅದಕ್ಕಾಗಿ ಜಗಳವಾಡಲಾರೆ. ‘ಪುರಸ್ಕಾರ’ ಎಂದರೆ ಮುಂದಿಡುವುದು. ಅರ್ಥ ಹಿಡಿಸುತ್ತದೆ, ಸದ್ದು ಸ್ವಲ್ಪ ಸರ್ಕಾರಿ.

ಸದ್ಯ ನನ್ನ ಒಲವು ‘ಮಾನವ ಹಕ್ಕುಗಳ ವರದಿಗಾರಿಕೆಗೆ ಮನ್ನಣೆ’ ಎಂಬುದರ ಕಡೆಗೆ. ‘ಉದ್ಯಮ’ದ ವಾಸನೆಯೂ ಹೋಯಿತು. ಆದರೆ ‘ಮನ್ನಣೆ’ ಗೌರವದ ಹೆಸರಾಗಿ ನಿಲ್ಲುತ್ತದೆಯೇ, ವಾಕ್ಯ ಅರ್ಧಕ್ಕೇ ನಿಂತಂತೆ ಕೇಳುತ್ತದೆಯೇ? ‘ಗುರುತಿಸಿ’ಯನ್ನು ಬಿಟ್ಟು ಬಹುಮಾನದ ಒಕ್ಕಣೆ ಬರೆದವರು ಯಾರಾದರೂ ಇದ್ದರೆ ಮಾದರಿ ಕಳುಹಿಸಿ. ಕೆತ್ತುವವರು ಎರಡು ಸಾಲಿಗಿಂತ ಹೆಚ್ಚು ಹಿಡಿಸದು ಎಂದಿದ್ದಾರೆ. ಮುಂದಿನ ವಾರದೊಳಗೆ ಬರಹ ಅವರ ಕೈಗೆ ಸೇರಬೇಕು.